ಸ್ತನ ಮರುರಚನೆ ಅದೇ ದಿನ ಮಾಡಿಸಬೇಕಾ, ಆಮೇಲಾ? ಪದೇ ಪದೇ ಕೇಳುವ ಪ್ರಶ್ನೆಗಳು

ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆಯಿಂದ ಬರುವ ಹೆಣ್ಣುಮಕ್ಕಳು, ಅವರ ಜೊತೆ ಬರುವ ಗಂಡ, ಅಕ್ಕ, ಮಗಳು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಇದೆ. ನಿಮ್ಮ ರಿಪೋರ್ಟ್ ನೋಡಿದ ಡಾಕ್ಟರ್ ಬೇರೆ ಮಾತು ಹೇಳಿದರೆ ಅವರ ಮಾತೇ ಮೇಲು. ಅವರ ಎದುರು ಕೂತಾಗ ಏನು ಕೇಳಬೇಕು ಅಂತ ಗೊತ್ತಿರಲಿ ಅನ್ನೋದಕ್ಕೆ ಇದು.

ಮರುರಚನೆ ಅಂದರೆ ಏನು? ಯಾವಾಗ ಮಾಡುತ್ತಾರೆ?

ಕ್ಯಾನ್ಸರಿಗಾಗಿ ಪೂರ್ತಿ ಸ್ತನ ತೆಗೆದ ಮೇಲೆ ಆ ಜಾಗದಲ್ಲಿ ಮತ್ತೆ ಸ್ತನದ ಆಕಾರ ಮಾಡಿ ಕೊಡುವುದೇ ಮರುರಚನೆ. ಇದಕ್ಕೆ ಎರಡು ದಾರಿ ಇವೆ. ಒಂದು, ಸಿಲಿಕೋನ್ ಇಂಪ್ಲಾಂಟ್, ಅಂದರೆ ಸ್ತನದ ಆಕಾರದ ಮೆತ್ತನೆಯ ಕೃತಕ ಚೀಲ, ಒಳಗೆ ಇಡುವುದು. ಇನ್ನೊಂದು, ನಿಮ್ಮದೇ ಹೊಟ್ಟೆಯ ಅಥವಾ ಬೆನ್ನಿನ ಚರ್ಮ, ಕೊಬ್ಬು, ಕೆಲವೊಮ್ಮೆ ಸ್ನಾಯು ತಂದು ಕೂಡಿಸುವುದು. ಇದನ್ನು ಫ್ಲ್ಯಾಪ್ ಅಂತಾರೆ.

ಸ್ತನ ತೆಗೆಯುವ ದಿನವೇ, ಅದೇ ಅರಿವಳಿಕೆಯಲ್ಲಿ ಇದನ್ನು ಮಾಡಬಹುದು. ಎಲ್ಲಾ ಚಿಕಿತ್ಸೆ ಮುಗಿದು ತಿಂಗಳುಗಳೋ ವರ್ಷಗಳೋ ಆದ ಮೇಲೂ ಮಾಡಬಹುದು. ಎರಡರ ನಡುವಿನ ದಾರಿಯೂ ಒಂದಿದೆ, ಮುಂದೆ ಬರುತ್ತದೆ. ಮಾಡಿಸದೇ ಇರುವುದೂ ಒಂದು ಆಯ್ಕೆಯೇ.

ಮೊದಲು ಗಡ್ಡೆ ಹೋಗಲಿ, ಇದನ್ನೆಲ್ಲ ಆಮೇಲೆ ನೋಡೋಣ ಅಂದರೆ ತಪ್ಪಾ?

ಮಾಡಿಸುವುದನ್ನು ಮುಂದಕ್ಕೆ ಹಾಕಿದರೆ ತಪ್ಪಿಲ್ಲ. ಕೇಳುವುದನ್ನು ಮುಂದಕ್ಕೆ ಹಾಕಬೇಡಿ.

ಸ್ತನ ಹೇಗೆ ತೆಗೆಯುತ್ತಾರೆ ಅನ್ನುವುದರ ಮೇಲೆ ಮುಂದಿನದು ನಿಂತಿದೆ. ಅದೇ ದಿನ ಮರುರಚನೆ ಇದ್ದರೆ, ಕ್ಯಾನ್ಸರ್ ತಗುಲದ ಚರ್ಮವನ್ನು ಆದಷ್ಟು ಉಳಿಸಿ ಒಳಗಿನದನ್ನು ಮಾತ್ರ ತೆಗೆಯುತ್ತಾರೆ. ಕೆಲವರಿಗೆ ತೊಟ್ಟನ್ನೂ ಉಳಿಸಬಹುದು. ಆ ಚರ್ಮವೇ ಹೊಸ ಸ್ತನಕ್ಕೆ ಹೊದಿಕೆ ಆಗುತ್ತದೆ, ಆಕಾರ ಸಹಜವಾಗಿ ಬರುತ್ತದೆ. ಮರುರಚನೆಯ ಮಾತೇ ಬರದಿದ್ದರೆ ಎದೆ ಸಪಾಟಾಗಿ ಕೂಡುವಂತೆ ಹೆಚ್ಚಿನ ಚರ್ಮ ತೆಗೆದು ಹೊಲಿಯುತ್ತಾರೆ. ಆಮೇಲೆ ಮರುರಚನೆ ಬೇಕು ಅಂದರೆ ಆಗುತ್ತದೆ, ಆದರೆ ಚರ್ಮವನ್ನು ಬೇರೆ ಕಡೆಯಿಂದ ತರಬೇಕು, ಇಲ್ಲವೇ ಇರುವುದನ್ನೇ ನಿಧಾನ ಹಿಗ್ಗಿಸಬೇಕು.

ಹಾಗಾಗಿ ಆಪರೇಷನ್ ತಾರೀಖು ಬರೆಸುವ ಮೊದಲು ಒಮ್ಮೆ ಪ್ಲಾಸ್ಟಿಕ್ ಸರ್ಜನ್ ಹತ್ತಿರ ಮಾತಾಡಿಸಿ ಅಂತ ಕೇಳಿ. ಆ ಭೇಟಿಗೆ ಒಂದು ವಾರ ಹಿಡಿದರೆ ಸಾಮಾನ್ಯವಾಗಿ ಏನೂ ಕೆಡುವುದಿಲ್ಲ. ನಮ್ಮ ಕಡೆ ಎಷ್ಟೋ ಜನರಿಗೆ ಈ ವಿಷಯ ಗೊತ್ತಾಗುವುದು ಹೊಲಿಗೆ ಬಿಚ್ಚಿಸಲು ಬಂದಾಗ, ಪಕ್ಕದ ಬೆಡ್ಡಿನವರ ಬಾಯಿಂದ. "ನಮಗ ಯಾರೂ ಹೇಳಲೇ ಇಲ್ರೀ" ಅಂತಾರೆ. ಒಂದೇ ದಿನದಲ್ಲಿ ಅಷ್ಟೊಂದು ರೋಗಿಗಳನ್ನು ನೋಡುವ ಡಾಕ್ಟರು ಹೇಳದೇ ಇರಬಹುದು. ನೀವೇ ಕೇಳಬೇಕು.

ಹಾಗಾದರೆ ಯಾವಾಗ ಅನ್ನೋದು ಯಾವುದರ ಮೇಲೆ ತೀರ್ಮಾನ ಆಗುತ್ತೆ?

ಎಲ್ಲಕ್ಕಿಂತ ಜಾಸ್ತಿ, ರೇಡಿಯೇಷನ್ ಮೇಲೆ. ನಮ್ಮ ಜನ ಕರೆಂಟ್ ಕೊಡುವುದು ಅಂತಾರಲ್ಲ, ಅದೇ. ಉಳಿದ ಪ್ರಶ್ನೆಗಳೆಲ್ಲ ಇದರ ಹಿಂದೆ ಬರುತ್ತವೆ.

ರೇಡಿಯೇಷನ್ ಬಿದ್ದ ಚರ್ಮ ಮೊದಲಿನಂತೆ ಇರುವುದಿಲ್ಲ. ಬಿಗಿಯುತ್ತದೆ, ರಕ್ತ ಓಡಾಟ ಕಡಿಮೆ ಆಗುತ್ತದೆ, ಗಾಯ ಮಾಯಲು ತಡವಾಗುತ್ತದೆ. ಒಳಗೆ ಇಂಪ್ಲಾಂಟ್ ಇದ್ದರೆ ಅದರ ಸುತ್ತ ದೇಹ ಕಟ್ಟಿಕೊಳ್ಳುವ ಪೊರೆ ದಪ್ಪವಾಗಿ, ಗಟ್ಟಿಯಾಗಿ ಹಿಂಡತೊಡಗುತ್ತದೆ. ಸ್ತನ ಕಲ್ಲಿನಂತೆ ಆಗಿ ಮೇಲಕ್ಕೆ ಸರಿಯಬಹುದು, ನೋಯಬಹುದು. ಸೋಂಕಾಗಿ ಇಂಪ್ಲಾಂಟ್ ತೆಗೆಯಬೇಕಾದ ಸಂದರ್ಭಗಳೂ ರೇಡಿಯೇಷನ್ ಆದವರಲ್ಲಿ ಹೆಚ್ಚು. ಫ್ಲ್ಯಾಪ್ ಇದನ್ನು ಸ್ವಲ್ಪ ಚೆನ್ನಾಗಿ ತಾಳಿಕೊಳ್ಳುತ್ತದೆ, ಆದರೂ ಕುಗ್ಗುವುದು, ಒಳಗಿನ ಕೊಬ್ಬು ಗಂಟು ಕಟ್ಟುವುದು ಇದ್ದದ್ದೇ.

ಹಾಗಾಗಿ ರೇಡಿಯೇಷನ್ ಬೇಕೇ ಬೇಕು ಅಂತ ಮೊದಲೇ ಗೊತ್ತಿದ್ದರೆ ಎಷ್ಟೋ ಸರ್ಜನ್ನರು ಕಾಯೋಣ ಅಂತಾರೆ. ರೇಡಿಯೇಷನ್ ಮುಗಿದು ಕನಿಷ್ಠ 6 ತಿಂಗಳು, ಹಲವರು ಒಂದು ವರ್ಷದವರೆಗೂ ಬಿಟ್ಟು, ಚರ್ಮ ಮೆತ್ತಗಾಗಿದೆಯಾ ಅಂತ ಕೈಯಿಂದ ಹಿಡಿದು ನೋಡಿ, ಆಮೇಲೆ ನಿಮ್ಮದೇ ಹೊಟ್ಟೆಯ ಅಥವಾ ಬೆನ್ನಿನ ಫ್ಲ್ಯಾಪ್ ಹಾಕುತ್ತಾರೆ.

ರೇಡಿಯೇಷನ್ ಬೇಕಾಗುತ್ತೋ ಇಲ್ಲವೋ ಮೊದಲೇ ಹೇಗೆ ಗೊತ್ತಾಗುತ್ತೆ?

ಕೆಲವರಿಗೆ ಗೊತ್ತಾಗುತ್ತದೆ, ಕೆಲವರಿಗೆ ಇಲ್ಲ. ಗಡ್ಡೆ 5 ಸೆಂಟಿಮೀಟರಿಗಿಂತ ದೊಡ್ಡದಿದ್ದರೆ, ಚರ್ಮಕ್ಕೋ ಎದೆಗೂಡಿಗೋ ಅಂಟಿಕೊಂಡಿದ್ದರೆ, ಕಂಕುಳಿನ 4 ಅಥವಾ ಹೆಚ್ಚು ಗ್ರಂಥಿಗಳಲ್ಲಿ ಕ್ಯಾನ್ಸರ್ ಇದ್ದರೆ ಸಾಮಾನ್ಯವಾಗಿ ರೇಡಿಯೇಷನ್ ಕೊಡುತ್ತಾರೆ. 1ರಿಂದ 3 ಗ್ರಂಥಿ ಇದ್ದರೆ ಉಳಿದ ಲಕ್ಷಣ ನೋಡಿ ನಿರ್ಧಾರ.

ತೊಂದರೆ ಏನಪ್ಪಾ ಅಂದರೆ ಕಂಕುಳಿನ ಪಕ್ಕಾ ಲೆಕ್ಕ ಸಿಗುವುದು ಆಪರೇಷನ್ ಆದ ಮೇಲೆ, ತೆಗೆದದ್ದನ್ನು ಲ್ಯಾಬಿಗೆ ಕಳಿಸಿ ರಿಪೋರ್ಟ್ ಬಂದಾಗ. ಅದಕ್ಕೇ ಅದೇ ದಿನದ ಮರುರಚನೆ ಮಾಡಿಸಿಕೊಂಡ ಕೆಲವರಿಗೆ ಆಮೇಲೆ ರೇಡಿಯೇಷನ್ ಸುದ್ದಿ ಬರುತ್ತದೆ. ಆಗ ಏನು ಮಾಡುತ್ತೀರಿ ಅಂತ ಸರ್ಜನ್ನರನ್ನು ಮೊದಲೇ ಕೇಳಿಟ್ಟುಕೊಳ್ಳಿ.

ಇನ್ನೊಂದು. ನಮ್ಮ ಕಡೆ ಗಡ್ಡೆ ದೊಡ್ಡದಾದ ಮೇಲೇ ಆಸ್ಪತ್ರೆಗೆ ಬರುವವರು ಜಾಸ್ತಿ. ಅಂಥವರಿಗೆ ಕೀಮೋ ಮೊದಲು, ಆಪರೇಷನ್ ನಂತರ. ಕೀಮೋದಿಂದ ಗಡ್ಡೆ ಕರಗಿಹೋಯಿತು, ಇನ್ನು ರೇಡಿಯೇಷನ್ ಯಾಕೆ ಅಂತ ಕೇಳುತ್ತಾರೆ. ಶುರುವಿನಲ್ಲಿ ಕಾಯಿಲೆ ಎಷ್ಟಿತ್ತು ಅನ್ನುವುದನ್ನೂ ಡಾಕ್ಟರು ಲೆಕ್ಕಕ್ಕೆ ಹಿಡಿಯುತ್ತಾರೆ. ಮೊದಲ ಸ್ಕ್ಯಾನ್ ರಿಪೋರ್ಟ್ ಕಳೆದುಕೊಳ್ಳಬೇಡಿ.

ಅದೇ ದಿನ ಮಾಡಿಸಿಕೊಂಡರೆ ಕೀಮೋ ತಡ ಆಗುತ್ತಾ?

ಎಲ್ಲಾ ಸರಿ ಹೋದರೆ ಆಗುವುದಿಲ್ಲ. ಆಪರೇಷನ್ ಆದ 3ರಿಂದ 6 ವಾರದೊಳಗೆ ಸಾಮಾನ್ಯವಾಗಿ ಕೀಮೋ ಶುರು ಮಾಡುತ್ತಾರೆ, ಅಷ್ಟರಲ್ಲಿ ಗಾಯ ಮಾಯ್ದಿರಬೇಕು. ಮರುರಚನೆ ಅಂದರೆ ಆಪರೇಷನ್ ಉದ್ದ, ಗಾಯ ಜಾಸ್ತಿ. ಕೀವಾಯಿತು, ಚರ್ಮದ ಅಂಚು ಕಪ್ಪಾಯಿತು ಅಂದರೆ ಅದು ವಾಸಿಯಾಗುವವರೆಗೆ ಕೀಮೋ ಕಾಯಬೇಕು. ಒಂದೆರಡು ವಾರ ಆದರೆ ಪರವಾಗಿಲ್ಲ. ತಿಂಗಳುಗಟ್ಟಲೆ ಎಳೆದರೆ ಕ್ಯಾನ್ಸರ್ ಚಿಕಿತ್ಸೆಗೇ ಪೆಟ್ಟು. ಶುಗರ್, ದಪ್ಪ ಮೈ, ತಂಬಾಕು ಇದ್ದವರಲ್ಲಿ ಈ ಅಪಾಯ ಹೆಚ್ಚು.

ಕೀಮೋ ಮೊದಲೇ ಆಗಿದ್ದರೆ ಕೊನೆಯ ಡೋಸ್ ಆಗಿ 3ರಿಂದ 6 ವಾರ ಬಿಟ್ಟು, ರಕ್ತಕಣ ಮೇಲೆ ಬಂದ ಮೇಲೆ ಆಪರೇಷನ್ ಮಾಡುತ್ತಾರೆ.

"ಒಮ್ಮೆಲೇ ಎಲ್ಲಾ ಮುಗಿಸಿಬಿಡ್ರಿ" ಅಂದರೆ ಒಳ್ಳೇದಲ್ವಾ?

ಇದು ಗಂಡಂದಿರು ಜಾಸ್ತಿ ಕೇಳುವ ಪ್ರಶ್ನೆ. ಒಂದೇ ರಜೆ, ಒಂದೇ ಬಿಲ್ಲು. ಲೆಕ್ಕ ಅರ್ಥ ಆಗುತ್ತದೆ. ಆದರೆ ಒಮ್ಮೆಲೇ ಮುಗಿಯುವುದು ಕಡಿಮೆ. ತೊಟ್ಟು ಬೇಕು ಅಂದರೆ ಅದನ್ನು ಕೆಲವು ತಿಂಗಳ ನಂತರ ಮಾಡುತ್ತಾರೆ. ಇನ್ನೊಂದು ಸ್ತನ ಜೋತಿದ್ದರೆ ಎರಡೂ ಸರಿಸಮ ಕಾಣಲು ಅದನ್ನು ಎತ್ತಬೇಕಾಗಬಹುದು. ಇಂಪ್ಲಾಂಟ್ ಜೀವನಪೂರ್ತಿ ಬರುವ ವಸ್ತುವಲ್ಲ, ಮುಂದೆ ಎಂದಾದರೂ ಬದಲಾಯಿಸಬೇಕಾಗಬಹುದು.

ಅದೇ ದಿನ ಮಾಡಿಸುವುದು ಚೆನ್ನಾಗಿ ಒಪ್ಪುವುದು ಯಾರಿಗೆ? ಕಾಯಿಲೆ ಶುರುವಿನ ಹಂತದಲ್ಲಿದೆ, ರೇಡಿಯೇಷನ್ ಬೇಕಾಗುವ ಸಾಧ್ಯತೆ ಕಡಿಮೆ, ಆರೋಗ್ಯ ಗಟ್ಟಿ, ಅಂಥವರಿಗೆ. ಎಚ್ಚರ ಆದಾಗ ಎದೆ ಖಾಲಿ ಇರುವುದಿಲ್ಲ ಅನ್ನುವುದು ಎಷ್ಟೋ ಜನರಿಗೆ ದೊಡ್ಡ ಧೈರ್ಯ. ಅದನ್ನು ಸಣ್ಣದು ಅಂತ ನಾನು ಹೇಳುವುದಿಲ್ಲ. ಸ್ತನ ಪೂರ್ತಿ ಕೆಂಪಾಗಿ, ಬಿಸಿಯಾಗಿ, ಚರ್ಮ ಕಿತ್ತಳೆ ಸಿಪ್ಪೆಯಂತೆ ಆಗುವ ಉರಿಯೂತದ ಸ್ತನ ಕ್ಯಾನ್ಸರ್ ಇದ್ದರೆ ಅದೇ ದಿನದ ಮರುರಚನೆ ಬೇಡ ಅನ್ನುವುದು ಸಾಮಾನ್ಯ ನಿಯಮ. ಅಲ್ಲಿ ಚರ್ಮ ಉಳಿಸುವ ಹಾಗೇ ಇಲ್ಲ.

ನಡುವಿನ ದಾರಿ ಅಂದಿರಿ, ಅದೇನು?

ಸ್ತನ ತೆಗೆದ ದಿನ ಚರ್ಮದ ಕೆಳಗೆ ಗಾಳಿ ತೆಗೆದ ಬಲೂನಿನಂಥ ಒಂದು ಚೀಲ ಇಡುತ್ತಾರೆ. ಅದರ ಹೆಸರು ಎಕ್ಸ್‌ಪ್ಯಾಂಡರ್. ಗಾಯ ಮಾಯ್ದ ಮೇಲೆ ವಾರಕ್ಕೋ ಎರಡು ವಾರಕ್ಕೋ ಒಮ್ಮೆ ಹೋಗಬೇಕು. ಚರ್ಮದ ಕೆಳಗೆ ಗುಂಡಗೆ ಸಿಗುವ ಬಾಯಿಗೆ ಸೂಜಿ ಚುಚ್ಚಿ ಸ್ವಲ್ಪ ಸ್ವಲ್ಪ ಸಲೈನ್ ತುಂಬುತ್ತಾರೆ. ಆ ದಿನ ಎದೆ ಬಿಗಿದಂತೆ ಆಗುತ್ತದೆ, ಒಂದೆರಡು ದಿನದಲ್ಲಿ ಸಡಿಲಾಗುತ್ತದೆ. ಹೀಗೆ ಚರ್ಮ ಹಿಗ್ಗಿದ ಮೇಲೆ ಚೀಲ ತೆಗೆದು ಇಂಪ್ಲಾಂಟ್ ಇಡುತ್ತಾರೆ, ಇಲ್ಲವೇ ಫ್ಲ್ಯಾಪ್ ಹಾಕುತ್ತಾರೆ.

ಲಾಭ ಏನು ಅಂದರೆ ಲ್ಯಾಬ್ ರಿಪೋರ್ಟ್ ಬರುವವರೆಗೆ ಸಮಯ ಸಿಗುತ್ತದೆ, ಚರ್ಮವೂ ಉಳಿಯುತ್ತದೆ. ರೇಡಿಯೇಷನ್ ಬೇಡ ಅಂತ ಬಂದರೆ ಮುಂದಿನ ಹಂತ. ಬೇಕು ಅಂತ ಬಂದರೆ ಅದು ಮುಗಿಯುವವರೆಗೆ ಚೀಲ ಜಾಗ ಹಿಡಿದಿಟ್ಟಿರುತ್ತದೆ, ಸೋಂಕಿನ ಅಪಾಯ ಒಪ್ಪಿಕೊಂಡು.

ಓಡಾಟ ಮಾತ್ರ ಲೆಕ್ಕ ಹಾಕಿ. ಸಿಂದಗಿ, ಇಂಡಿ, ಹುನಗುಂದ ಕಡೆಯ ಹಳ್ಳಿಯಿಂದ ಬೆಳಗಾವಿಗೋ ಹುಬ್ಬಳ್ಳಿಗೋ ಹದಿನೈದು ದಿನಕ್ಕೊಮ್ಮೆ ಬಸ್ಸಿನಲ್ಲಿ ಹೋಗಿಬರುವುದು ಹುಡುಗಾಟ ಅಲ್ಲ. ಜ್ವರ ಬಂತು, ಎದೆ ಕೆಂಪಾಯಿತು ಅಂದರೆ ಅವತ್ತೇ ತೋರಿಸಬೇಕು. ಅದು ಆಗದ ಮನೆಗೆ ಈ ದಾರಿ ಒಗ್ಗುವುದು ಕಷ್ಟ ಅನ್ನುವುದು ನನ್ನ ಅಭಿಪ್ರಾಯ.

ನನಗೆ ಸಿಸೇರಿಯನ್ ಆಗಿದೆ, ಕುಟುಂಬ ಯೋಜನೆ ಆಪರೇಷನ್ನೂ ಆಗಿದೆ. ಹೊಟ್ಟೆಯಿಂದ ತೆಗೆಯೋಕೆ ಬರುತ್ತಾ?

ಬಹಳಷ್ಟು ಜನರಿಗೆ ಬರುತ್ತದೆ. ಹೊಟ್ಟೆಯ ರಕ್ತನಾಳ ಹೇಗಿವೆ ಅಂತ ಸಿಟಿ ಸ್ಕ್ಯಾನ್ ಮಾಡಿ ನೋಡುತ್ತಾರೆ. ಹಳೇ ಆಪರೇಷನ್ನಿನ ಗಾಯ ಎಲ್ಲಿದೆ, ಎಷ್ಟು ಉದ್ದ ಇದೆ ಅನ್ನುವುದು ಮುಖ್ಯ. ಹೊಕ್ಕುಳ ಕೆಳಗಿನ ಅಡ್ಡ ಗಾಯ ಅಷ್ಟಾಗಿ ಅಡ್ಡಿ ಬರುವುದಿಲ್ಲ. ತೀರಾ ತೆಳ್ಳಗಿದ್ದು ಹೊಟ್ಟೆಯಲ್ಲಿ ಕೊಬ್ಬೇ ಇಲ್ಲ ಅಂದರೆ ಬೆನ್ನಿನಿಂದ ತೆಗೆಯುತ್ತಾರೆ.

ಒಂದು ಮಾತು ಗಟ್ಟಿಯಾಗಿ ನೆನಪಿಡಿ. ಹೊಟ್ಟೆಯಿಂದ ಫ್ಲ್ಯಾಪ್ ತೆಗೆಯುವುದು ಒಮ್ಮೆ ಮಾತ್ರ. ನಿಮ್ಮ ಮನೆತನದಲ್ಲಿ ಅವ್ವ, ಅಕ್ಕ, ಚಿಕ್ಕಮ್ಮ ಯಾರಿಗಾದರೂ ಸ್ತನ ಅಥವಾ ಅಂಡಾಶಯದ ಕ್ಯಾನ್ಸರ್ ಆಗಿದ್ದರೆ ಬಿಆರ್‌ಸಿಎ ವಂಶವಾಹಿ ಪರೀಕ್ಷೆ ಮಾಡಿಸಿ ಅನ್ನಬಹುದು. ಅದರಲ್ಲಿ ದೋಷ ಕಂಡುಬಂದರೆ ಮುಂದೆ ಇನ್ನೊಂದು ಸ್ತನವನ್ನೂ ತೆಗೆಸುವ ಯೋಚನೆ ಬರಬಹುದು. ಇವತ್ತು ಹೊಟ್ಟೆಯದ್ದೆಲ್ಲ ಒಂದು ಕಡೆಗೇ ಬಳಸಿಬಿಟ್ಟರೆ ಆಗ ಇನ್ನೊಂದು ಕಡೆಗೆ ಇರುವುದಿಲ್ಲ. ಅಂಥವರು ಪರೀಕ್ಷೆಯ ಫಲಿತಾಂಶ ಬರುವವರೆಗೆ ಮರುರಚನೆಯನ್ನು ತಡೆಹಿಡಿಯುವುದೇ ವಾಸಿ.

ರೊಟ್ಟಿ ಬಡಿಯೋದು, ಕೊಡ ಎತ್ತೋದು ಯಾವಾಗ?

ಬೆನ್ನಿನ ಫ್ಲ್ಯಾಪಿನಲ್ಲಿ ಭುಜದ ಹಿಂದಿನ ದೊಡ್ಡ ಸ್ನಾಯುವನ್ನು ಮುಂದಕ್ಕೆ ತಿರುಗಿಸುತ್ತಾರೆ. ಮನೆಗೆಲಸಕ್ಕೆ ಹೆಚ್ಚಿನವರಿಗೆ ತೊಂದರೆ ಇಲ್ಲ. ಆದರೆ ತೋಳು ಹಿಂದಕ್ಕೆ, ಕೆಳಕ್ಕೆ ಜಗ್ಗುವ ಕೆಲಸದಲ್ಲಿ ಬಲ ಸ್ವಲ್ಪ ತಗ್ಗಬಹುದು. ಇಳಕಲ್ಲಿನಲ್ಲಿ ಮಗ್ಗದ ಮುಂದೆ ಕೂರುವವರು, ಹೊಲದಲ್ಲಿ ಕಬ್ಬು ಕಡಿಯುವವರು ತಮ್ಮ ಕೆಲಸ ಏನು ಅಂತ ಸರ್ಜನ್ನರಿಗೆ ಬಿಡಿಸಿ ಹೇಳಬೇಕು. "ಮನೀ ಕೆಲಸರೀ" ಅಂತ ಒಂದೇ ಮಾತಿನಲ್ಲಿ ಮುಗಿಸಬೇಡಿ. ದಿನಕ್ಕೆ ಎಷ್ಟು ರೊಟ್ಟಿ, ಯಾವ ಕೈಯಿಂದ ಬಡಿಯುತ್ತೀರಿ ಅಂತ ತೋರಿಸಿ. ರೊಟ್ಟಿ ಬಡಿಯುವಾಗ ಭುಜ ಎಷ್ಟು ಆಡುತ್ತದೆ ಅಂತ ಬೇರೆ ಕಡೆಯಿಂದ ಬಂದ ಡಾಕ್ಟರಿಗೆ ಗೊತ್ತಿರಲಿಕ್ಕಿಲ್ಲ.

ಹೊಟ್ಟೆಯ ಫ್ಲ್ಯಾಪ್ ಆದರೆ ಸುಮಾರು 6ರಿಂದ 8 ವಾರ ಕೊಡ, ಹಿಟ್ಟಿನ ಚೀಲ, ಮಗು ಯಾವುದನ್ನೂ ಎತ್ತುವಂತಿಲ್ಲ. ಇಂಪ್ಲಾಂಟ್ ಆದರೆ ಇದಕ್ಕಿಂತ ಬೇಗ ಚೇತರಿಕೆ.

ಮಿಶ್ರಿ ಹಚ್ಚುತ್ತೇನೆ. ಸಿಗರೇಟ್ ಅಲ್ಲವಲ್ಲ, ನಡೆಯುತ್ತಾ?

ನಡೆಯುವುದಿಲ್ಲ. ಬೀಡಿ, ಮಿಶ್ರಿ, ನಶ್ಯ, ಗುಟ್ಕಾ ಎಲ್ಲದರಲ್ಲೂ ನಿಕೋಟಿನ್ ಇದೆ. ಅದು ಸಣ್ಣ ರಕ್ತನಾಳ ಬಿಗಿಸುತ್ತದೆ. ಹೊಸದಾಗಿ ಕೂಡಿಸಿದ ಚರ್ಮ ಬದುಕುವುದೇ ಆ ನಾಳಗಳ ಮೇಲೆ. ಆಪರೇಷನ್ನಿಗೆ ಕನಿಷ್ಠ 4 ವಾರ ಮುಂಚೆ ಬಿಡಬೇಕು, ಆದ ಮೇಲೂ ಮುಟ್ಟಬಾರದು. ಹಲ್ಲಿಗೆ ಹಚ್ಚುವುದನ್ನು ತಂಬಾಕು ಅಂತ ಲೆಕ್ಕಕ್ಕೇ ಹಿಡಿಯದೆ ಡಾಕ್ಟರ್ ಕೇಳಿದಾಗ "ಏನೂ ಚಟ ಇಲ್ರೀ" ಅನ್ನುವ ಅಜ್ಜಿಯರು ಬಹಳ. ದಯವಿಟ್ಟು ಹೇಳಿ.

ಬಿಡಲು ಸಮಯ ಬೇಕು, ಶುಗರ್ ಹತೋಟಿಗೆ ಬಂದಿಲ್ಲ, ತೂಕ ತುಂಬಾ ಜಾಸ್ತಿ ಇದೆ ಅಂದರೆ, ಕ್ಯಾನ್ಸರ್ ಆಪರೇಷನ್ ಈಗ ಮಾಡಿಸಿ ಮರುರಚನೆ ಆಮೇಲೆ ಇಟ್ಟುಕೊಳ್ಳಲು ಅದೇ ಸಾಕಷ್ಟು ಒಳ್ಳೆ ಕಾರಣ.

ಮರುರಚನೆ ಮಾಡಿಸಿದರೆ ಕ್ಯಾನ್ಸರ್ ತಿರುಗಿ ಬರುತ್ತಾ? ಬಂದರೆ ಒಳಗೆ ಮುಚ್ಚಿಹೋಗಲ್ವಾ?

ಮರುರಚನೆಯಿಂದ ಕ್ಯಾನ್ಸರ್ ತಿರುಗಿ ಬರುವುದಿಲ್ಲ. ಬರುವುದಿದ್ದರೆ ಹೆಚ್ಚಾಗಿ ಚರ್ಮದಲ್ಲೋ ಅದರ ಕೆಳಗೋ ಕಾಣುತ್ತದೆ, ಕೈಗೆ ಸಿಗುತ್ತದೆ. ತಪಾಸಣೆ ತಪ್ಪಿಸಬೇಡಿ, ಇನ್ನೊಂದು ಸ್ತನಕ್ಕೆ ವರ್ಷಕ್ಕೊಮ್ಮೆ ಮ್ಯಾಮೋಗ್ರಾಮ್ ಮಾಡಿಸಿ.

ಇಂಪ್ಲಾಂಟ್ ಬಗ್ಗೆ ಒಂದು ಸುದ್ದಿ ಕೇಳಿರಬಹುದು. ಹೊರಮೈ ಒರಟಾಗಿರುವ ಕೆಲವು ಇಂಪ್ಲಾಂಟಿನ ಸುತ್ತ ಅಪರೂಪಕ್ಕೆ ಲಿಂಫೋಮಾ ಅನ್ನುವ ಬೇರೆ ಬಗೆಯ ಕ್ಯಾನ್ಸರ್ ಬರುತ್ತದೆ ಅಂತ ಗೊತ್ತಾಗಿ, 2019ರಲ್ಲಿ ಒಂದು ಕಂಪನಿ ತನ್ನ ಒರಟು ಮೈಯ ಇಂಪ್ಲಾಂಟುಗಳನ್ನು ಪ್ರಪಂಚದೆಲ್ಲೆಡೆ ವಾಪಸ್ ತೆಗೆದುಕೊಂಡಿತು. ನಿಮಗೆ ಇಡುವುದು ನುಣುಪೋ ಒರಟೋ ಅಂತ ಕೇಳಿ. ಅದರ ಜೊತೆ ಬರುವ ಕಾರ್ಡನ್ನು ಆಧಾರ್ ಕಾರ್ಡ್ ಇಡುವ ಜಾಗದಲ್ಲೇ ಇಡಿ.

"ಈ ವಯಸ್ಸಿನಾಗ ಯಾಕ ಬೇಕು" ಅಂತ ಮನೆಯಲ್ಲಿ ಅಂತಾರೆ.

ವಯಸ್ಸಿಗೆ ಇಂಥದ್ದೇ ಮಿತಿ ಅಂತ ಇಲ್ಲ. ಹೃದಯ, ಶ್ವಾಸಕೋಶ, ಶುಗರ್ ಸರಿ ಇದ್ದರೆ 60 ದಾಟಿದವರಿಗೂ ಮಾಡುತ್ತಾರೆ. ಬೇಕಾ ಬೇಡವಾ ಅನ್ನುವುದು ಆ ಹೆಣ್ಣುಮಗಳಿಗೆ ಬಿಟ್ಟದ್ದು. ಅತ್ತೆಯವರು, ಮೈದುನ, ಊರಿಂದ ಬಂದ ಕಾಕಾ ಎಲ್ಲರೂ ಡಾಕ್ಟರ ಕೋಣೆಯಲ್ಲಿ ಮಾತಾಡಿ, ರೋಗಿ ಮಾತ್ರ ಸೆರಗು ಹಿಡಿದು ನೆಲ ನೋಡುತ್ತಾ ಕೂತಿರುತ್ತಾರೆ. ಐದು ನಿಮಿಷ ಅವರೊಬ್ಬರನ್ನೇ ಡಾಕ್ಟರ್ ಜೊತೆ ಬಿಡಿ. ಬೇಕು ಅನ್ನುವವರು ಅಲ್ಲಿ ಬೇಕು ಅಂತಾರೆ. ಮನೆಯವರ ಒತ್ತಾಯಕ್ಕೆ ಒಪ್ಪಿಕೊಂಡವರು ಅಲ್ಲಿಯೇ ಬೇಡ ಅಂದದ್ದೂ ಇದೆ.

ಮಾಡಿಸದೇ ಇದ್ದರೆ?

ಏನೂ ಆಗುವುದಿಲ್ಲ. ಎದೆ ಸಪಾಟಾಗಿ, ಗಾಯದ ಎರಡೂ ತುದಿಯಲ್ಲಿ ಚರ್ಮ ಜೋತು ಬೀಳದ ಹಾಗೆ ಹೊಲಿಯಿರಿ ಅಂತ ಮೊದಲೇ ಸರ್ಜನ್ನರಿಗೆ ಹೇಳಿ. ಬ್ರಾ ಒಳಗೆ ಇಡುವ ಸಿಲಿಕೋನ್ ಸ್ತನ ಸಿಗುತ್ತದೆ. ಆದರೆ ವಿಜಯಪುರದ ಏಪ್ರಿಲ್ ಬಿಸಿಲಿಗೆ ಅದರ ಕೆಳಗೆ ಬೆವರು ಕಿತ್ತು ಬರುತ್ತದೆ, ಹತ್ತಿ ಬಟ್ಟೆಯ ಕವರ್ ಹಾಕಲೇಬೇಕು. ಗುಳೇದಗುಡ್ಡದ ಒಬ್ಬ ಅಕ್ಕ ಹಳೇ ಖಣದ ತುಂಡಿನಲ್ಲಿ ಚೀಲ ಹೊಲಿದು, ಮೇಲೆ ಅರಳೆ, ಕೆಳಗೆ ಒಂದು ಹಿಡಿ ಸಾಸಿವೆ ತುಂಬಿ ತೋರಿಸಿದ್ದರು. ಸಾಸಿವೆಯ ಭಾರಕ್ಕೆ ಅದು ಕುಪ್ಪಸದೊಳಗೆ ಮೇಲೇರದೆ ಕೂರುತ್ತಿತ್ತು. ಗಾಯ ಪೂರ್ತಿ ಮಾಯುವವರೆಗೆ ಬರೀ ಅರಳೆಯ ಹಗುರ ಚೀಲ ಸಾಕು.

ಜೋಳದ ರಾಶಿ ಇದೆ, ಮಗಳ ಮದುವೆ ಇದೆ. ತಾರೀಖು ಮುಂದೆ ಹಾಕಬಹುದಾ?

ಕ್ಯಾನ್ಸರ್ ಆಪರೇಷನ್ನಿಗೆ ಬೇಡ. ರಾಶಿ, ಬನಶಂಕರಿ ಜಾತ್ರೆ, ಅಮಾವಾಸ್ಯೆ ಯಾವುದಕ್ಕೂ ಕಾಯಬೇಡಿ. ತಡವಾಗಿ ಮಾಡಿಸುವ ಮರುರಚನೆಗೆ ಮಾತ್ರ ಧಾರಾಳವಾಗಿ ನೋಡಿಕೊಳ್ಳಿ, ಅದರ ಒಂದು ಸುಖವೇ ಅದು. ಎರಡು ತಿಂಗಳು ಹೊಲದ ಕೆಲಸ ಇಲ್ಲದ, ಅಡುಗೆಗೆ ಯಾರಾದರೂ ಸಿಗುವ ಹೊತ್ತು ಆರಿಸಿ. ಕಡು ಬೇಸಿಗೆ ಬಿಟ್ಟರೆ ಬ್ಯಾಂಡೇಜ್ ಒಳಗಿನ ಬೆವರು, ತುರಿಕೆ ತಪ್ಪುತ್ತದೆ.

ಆಪರೇಷನ್ ಆಗಿ ಆರೇಳು ವರ್ಷ ಆಯ್ತು, ಇನ್ನೂ ಟಾಮಾಕ್ಸಿಫೆನ್ ನುಂಗುತ್ತಿದ್ದೇನೆ. ಈಗ ಬರುತ್ತಾ?

ಬರುತ್ತದೆ. ಕ್ಯಾನ್ಸರ್ ತಿರುಗಿ ಬರದಿರಲಿ ಅಂತ ಕೊಡುವ ಈ ಮಾತ್ರೆ 5ರಿಂದ 10 ವರ್ಷ ನಡೆಯುತ್ತದೆ, ಮುಗಿಯುವವರೆಗೆ ಕಾಯಬೇಕಿಲ್ಲ. ಟಾಮಾಕ್ಸಿಫೆನ್‌ನಿಂದ ರಕ್ತ ಹೆಪ್ಪುಗಟ್ಟುವ ಸಾಧ್ಯತೆ ಸ್ವಲ್ಪ ಹೆಚ್ಚುವುದರಿಂದ, ಹೊಟ್ಟೆಯ ಫ್ಲ್ಯಾಪಿನಂಥ ಆಪರೇಷನ್ನಿಗೆ ಮುಂಚೆ ಕೆಲವು ಸರ್ಜನ್ನರು ಅದನ್ನು ಕೆಲವು ವಾರ ನಿಲ್ಲಿಸುತ್ತಾರೆ. ನೀವಾಗಿಯೇ ನಿಲ್ಲಿಸಬೇಡಿ.

ದುಡ್ಡಿನ ಕಥೆ ಏನು? ಇನ್ಶೂರೆನ್ಸಿನವರು ಇದು ಅಂದ ಹೆಚ್ಚಿಸುವ ಆಪರೇಷನ್ ಅಂತಾರೆ.

ಹಾಗೆ ಅಂದರೆ ಸುಮ್ನೆ ಬಿಡಬೇಡಿ. ಇನ್ಶೂರೆನ್ಸ್ ನಿಯಂತ್ರಣ ಮಂಡಳಿ ಐಆರ್‌ಡಿಎಐ ಆರೋಗ್ಯ ಪಾಲಿಸಿಗಳಿಗೆ ಗೊತ್ತುಮಾಡಿರುವ ಒಕ್ಕಣೆಯಲ್ಲಿ ಪ್ಲಾಸ್ಟಿಕ್ ಸರ್ಜರಿ ಹೊರಗಿಡುವ ಷರತ್ತು ಇದೆ. ಅದರ ಗುರುತು ಎಕ್ಸ್‌ಕ್ಲೂಷನ್ 08. ಆದರೆ ಅಪಘಾತ, ಸುಟ್ಟಗಾಯ, ಕ್ಯಾನ್ಸರ್ ನಂತರದ ಮರುರಚನೆಗೆ ಆ ಷರತ್ತು ತಗುಲುವುದಿಲ್ಲ ಅಂತ ಅದೇ ಸಾಲಿನಲ್ಲಿದೆ. ಪಾಲಿಸಿ ಪುಸ್ತಕದ ಆ ಪುಟ ತೆರೆದು ಟೇಬಲ್ ಮೇಲೆ ಇಡಿ. ಸರ್ಜನ್ನರ ಚೀಟಿಯಲ್ಲಿ 'ಕ್ಯಾನ್ಸರ್ ಮಾಸ್ಟೆಕ್ಟಮಿ ನಂತರದ ಮರುರಚನೆ' ಅಂತಲೇ ಬರೆಸಿ. ಮಾಸ್ಟೆಕ್ಟಮಿ ಅಂದರೆ ಸ್ತನ ತೆಗೆಯುವ ಆಪರೇಷನ್.

ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಖಾಸಗಿ ಆಸ್ಪತ್ರೆಗೆ ಹೋಗುವುದಿದ್ದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಕೇಳುತ್ತಾರೆ. ಈ ಯೋಜನೆಯ ಸಹಾಯಕ್ಕೆ ಆಸ್ಪತ್ರೆಯಲ್ಲಿ ಕೂರುವ ಆರೋಗ್ಯ ಮಿತ್ರರನ್ನು ಹಿಡಿದು, ಸ್ತನ ತೆಗೆಯುವುದಕ್ಕೆ ಮಾತ್ರ ಮಂಜೂರಾತಿ ಬಂದಿದೆಯಾ, ಮರುರಚನೆಗೂ ಬಂದಿದೆಯಾ, ಇಂಪ್ಲಾಂಟಿನ ಬೆಲೆ ಯಾರ ಮೇಲೆ ಅಂತ ಅಡ್ಮಿಟ್ ಆಗುವ ಮೊದಲೇ ಕೇಳಿ. ತಡವಾಗಿ ಮಾಡಿಸುವವರು ಈ ಮಂಜೂರಾತಿ ಮತ್ತೆ ಹೊಸದಾಗಿ ಪಡೆಯಬೇಕು.

ಇದಕ್ಕೆ ಬೆಂಗಳೂರಿಗೇ ಹೋಗಬೇಕಾ?

ಎಲ್ಲರೂ ಹೋಗಬೇಕಿಲ್ಲ. ಬೆಳಗಾವಿಯಲ್ಲಿ ಬಿಮ್ಸ್ ಮತ್ತು ಕೆಎಲ್‌ಇ, ವಿಜಯಪುರದಲ್ಲಿ ಬಿಎಲ್‌ಡಿಇ, ಬಾಗಲಕೋಟೆಯಲ್ಲಿ ಕುಮಾರೇಶ್ವರ ಆಸ್ಪತ್ರೆ ಇವೆ. ಹುಬ್ಬಳ್ಳಿ ನವನಗರದಲ್ಲಿ ಕ್ಯಾನ್ಸರ್ ಆಸ್ಪತ್ರೆ ಇದೆ. ಗಡಿ ಕಡೆಯವರು ಮಿರಜ, ಸೊಲ್ಲಾಪುರಕ್ಕೆ ಹೋಗುವುದು ರೂಢಿ. ಎಲ್ಲಿ ಹೋದರೂ ಕೇಳಬೇಕಾದದ್ದು ಒಂದೇ: ಕ್ಯಾನ್ಸರ್ ಸರ್ಜನ್ ಮತ್ತು ಪ್ಲಾಸ್ಟಿಕ್ ಸರ್ಜನ್ ಒಂದೇ ದಿನ ಒಟ್ಟಿಗೆ ನಿಲ್ಲುತ್ತಾರಾ? ಹೊಟ್ಟೆಯ ಫ್ಲ್ಯಾಪಿನಲ್ಲಿ ಹಲವು ಬಾರಿ ಕೂದಲೆಳೆಯಷ್ಟು ಸಣ್ಣ ದಾರದಲ್ಲಿ ರಕ್ತನಾಳ ಜೋಡಿಸುವ ಕೆಲಸ ಇರುತ್ತದೆ, ಗಂಟೆಗಟ್ಟಲೆ ಹಿಡಿಯುತ್ತದೆ. ಅದನ್ನು ಆಗಾಗ ಮಾಡುವ ಕೈ ಬೇಕು. ಹತ್ತಿರದಲ್ಲಿ ಅದು ಇಲ್ಲ ಅಂದರೆ ಕ್ಯಾನ್ಸರ್ ಆಪರೇಷನ್ ಹತ್ತಿರದಲ್ಲೇ ಮಾಡಿಸಿ, ಮರುರಚನೆಗೆ ಆಮೇಲೆ ದೊಡ್ಡ ಊರಿಗೆ ಹೋಗಬಹುದು.

ಹಾಗೆ ಹೋಗುವಾಗ ಬಯಾಪ್ಸಿ ರಿಪೋರ್ಟ್, ಆಪರೇಷನ್ ಆದ ಮೇಲಿನ ಲ್ಯಾಬ್ ರಿಪೋರ್ಟ್, ಡಿಸ್ಚಾರ್ಜ್ ಚೀಟಿ, ರೇಡಿಯೇಷನ್ ಯಾವ ತಾರೀಖಿಗೆ ಮುಗಿಯಿತು ಅಂತ ಬರೆದ ಕಾಗದ ಒಯ್ಯಿರಿ. ಕೊನೆಯದ್ದನ್ನೇ ಜನ ಮನೆಯಲ್ಲಿ ಬಿಟ್ಟು ಬರುತ್ತಾರೆ, ಸರ್ಜನ್ನರು ಮೊದಲು ಕೇಳುವುದೂ ಅದನ್ನೇ.